ವ್ಯಾಕಿ ಪ್ಯಾಕೇಜಸ್: ಅಣಕದ ಸ್ಟಿಕ್ಕರ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಒಂದು ಫೈಲ್ ಇದೆ. ಮನೆಗೆ ಬಂದವರು ಅದನ್ನು ತೆರೆದು ನೋಡಿದರೆ ಮೊದಲು ಹೇಳುವ ಮಾತು ಒಂದೇ: "ಇದೇನ್ರೀ, ಟೂತ್‌ಪೇಸ್ಟು, ಸೋಪಿನ ಪುಡಿ ಚಿತ್ರಗಳನ್ನೆಲ್ಲ ಜೋಪಾನ ಮಾಡಿದ್ದೀರಿ?" ಇನ್ನೊಂದು ಸಲ ನೋಡಿದಾಗ ಅವರಿಗೆ ನಗು ಬರುತ್ತದೆ. ಆಮೇಲೆ ಪ್ರಶ್ನೆಗಳು ಶುರು. ಅದೇ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದು ಇಟ್ಟಿದ್ದೇನೆ.

ವ್ಯಾಕಿ ಪ್ಯಾಕೇಜಸ್ ಅಂದರೆ ಏನು?

ಅಮೆರಿಕದಲ್ಲಿ ಬಬಲ್ ಗಮ್ ಜೊತೆ ಮಾರುತ್ತಿದ್ದ ತಮಾಷೆ ಚಿತ್ರಗಳು. ಮಾಡಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಟಾಪ್ಸ್ ಎಂಬ ಗಮ್ ಕಂಪನಿ. ಮೊದಲು ಬಂದದ್ದು 1967ರಲ್ಲಿ. ಒಂದೊಂದು ಚಿತ್ರವೂ ಅಂಗಡಿಯಲ್ಲಿ ನಿಜವಾಗಿ ಸಿಗುವ ಯಾವುದೋ ಸಾಮಾನಿನ ಡಬ್ಬ, ಬಾಟಲಿ ಅಥವಾ ಪೊಟ್ಟಣದ ಹಾಗೇ ಕಾಣುತ್ತದೆ. ಅದೇ ಬಣ್ಣ, ಅದೇ ಅಕ್ಷರ, ಅದೇ ಅಲಂಕಾರ. ಹೆಸರಲ್ಲಿ ಮಾತ್ರ ಒಂದೆರಡು ಅಕ್ಷರ ಆಚೀಚೆ ಆಗಿರುತ್ತದೆ. ಅಷ್ಟಕ್ಕೇ ಇಡೀ ಸಾಮಾನಿನ ಮಾನ ಹೋಗಿರುತ್ತದೆ.

ನಮಗೆ ಬೇಗ ಅರ್ಥವಾಗುವ ಉದಾಹರಣೆ ಎವರೆಡಿ. ಟಾರ್ಚಿಗೆ, ರೇಡಿಯೋಗೆ ಹಾಕುತ್ತಿದ್ದ ಸೆಲ್ಲು ಗೊತ್ತಲ್ವಾ? ಎವರೆಡಿ ಅಂದರೆ ಯಾವಾಗಲೂ ತಯಾರು. ಟಾಪ್ಸ್‌ನವರು ಅದರ ಶುರುವಿಗೆ ಒಂದು 'ನ' ಸೇರಿಸಿ 'ನೆವರೆಡಿ' ಮಾಡಿದರು. ಅಂದರೆ ಯಾವತ್ತೂ ತಯಾರಿಲ್ಲ. ಕರೆಂಟ್ ಹೋದ ರಾತ್ರಿ ಟಾರ್ಚ್ ಹುಡುಕಿ, ಗುಂಡಿ ಒತ್ತಿ, ಬೆಳಕು ಬಾರದೆ ಬೈದುಕೊಂಡ ಯಾರಿಗಾದರೂ ಈ ಜೋಕು ವಿವರಿಸಬೇಕಾಗಿಲ್ಲ.

ಇನ್ನಷ್ಟು ಉದಾಹರಣೆ ಕೊಡ್ತೀರಾ?

ಕೊಡ್ತೀನಿ. ಆದರೆ ಜೋಕನ್ನು ಬಿಡಿಸಿ ಹೇಳಿದರೆ ಅರ್ಧ ಸತ್ತ ಹಾಗೆ, ಸಹಿಸಿಕೊಳ್ಳಿ.

ಕ್ರೆಸ್ಟ್ ಟೂತ್‌ಪೇಸ್ಟ್ 'ಕ್ರಸ್ಟ್' ಆಯಿತು, ಅಂದರೆ ಒಣಗಿ ಗಟ್ಟಿಯಾದ ಹಕ್ಕಳೆ. ಗಾಯಕ್ಕೆ ಹಾಕುವ ಬ್ಯಾಂಡ್-ಏಡ್ 'ಬ್ಯಾಂಡ್-ಏಕ್' ಆಯಿತು, ಸಹಾಯ ಹೋಗಿ ನೋವು ಬಂತು. ನಿಮಿಷದಲ್ಲಿ ಬೇಯುವ ಮಿನಿಟ್ ರೈಸ್ 'ಮಿನಿಟ್ ಲೈಸ್' ಆಯಿತು. ಲೈಸ್ ಅಂದರೆ ಹೇನು. ಕ್ವೇಕರ್ ಓಟ್ಸ್ 'ಕ್ವ್ಯಾಕರ್' ಆಗಿ ಬಾತುಕೋಳಿಯ ಪಾಲಾಯಿತು. ಜೆಲ್ಲಿ ಮಾಡುವ ಪುಡಿ ಜೆಲ್-ಓ 'ಜೈಲ್-ಓ' ಆಯಿತು. ಪಹಿಲ್ವಾನರ ತಿಂಡಿ ಅಂತ ಹೆಸರು ಮಾಡಿದ್ದ ವೀಟೀಸ್ 'ವೀಕೀಸ್' ಆಗಿ ನಿತ್ರಾಣಿಗಳ ತಿಂಡಿ ಆಯಿತು. ಲಿಸ್ಟರೀನ್ 'ಬ್ಲಿಸ್ಟರೀನ್' ಆಯಿತು, ಬಾಯಿ ಮುಕ್ಕಳಿಸಿದರೆ ಬೊಬ್ಬೆ ಗ್ಯಾರಂಟಿ. ಟಾಪ್ಸ್ ತನ್ನ ಸ್ವಂತ ಗಮ್ಮನ್ನೂ ಬಿಡಲಿಲ್ಲ. ಅದರ ಹೆಸರುವಾಸಿ ಬಝೂಕಾ 'ಗ್ಯಾಡ್ಝೂಕಾ' ಆಯಿತು.

ಗಮನಿಸಿ, ಎಲ್ಲವೂ ಅಡುಗೆಮನೆ, ಬಚ್ಚಲುಮನೆ ಸಾಮಾನು. ಅಮ್ಮ ದಿನಾ ಕೊಳ್ಳುವ ವಸ್ತುಗಳು. ಹತ್ತು ವರ್ಷದ ಮಗುವಿಗೆ ರಾಜಕಾರಣಿಯ ವ್ಯಂಗ್ಯಚಿತ್ರ ಅರ್ಥವಾಗದೆ ಇರಬಹುದು. ಟೂತ್‌ಪೇಸ್ಟಿನ ಜೋಕು ಅರ್ಥವಾಗದ ಮಗು ಇಲ್ಲ.

ಗಮ್ ಕಂಪನಿಗೆ ಚಿತ್ರ ಮಾರುವ ಉಸಾಬರಿ ಯಾಕೆ?

ಈ ಅಭ್ಯಾಸ ಬಬಲ್ ಗಮ್ಮಿಗಿಂತ ಹಳೇದು. 1880ರ ದಶಕದಲ್ಲಿ ಅಮೆರಿಕದ ಸಿಗರೇಟ್ ಕಂಪನಿಗಳು ಮೆತ್ತಗಿನ ಪ್ಯಾಕು ಬಾಗದಿರಲಿ ಅಂತ ಒಳಗೆ ಒಂದು ರಟ್ಟಿನ ತುಂಡು ಇಡುತ್ತಿದ್ದವು. ಖಾಲಿ ರಟ್ಟು ಯಾಕೆ, ಚಿತ್ರ ಅಚ್ಚು ಹಾಕೋಣ ಅಂತ ಯಾರಿಗೋ ಹೊಳೆಯಿತು. ನಟಿಯರು, ಆಟಗಾರರು, ಹಕ್ಕಿಗಳು, ಬಾವುಟಗಳು ಬಂದವು. ಜನ ಸೆಟ್ಟು ಪೂರ್ತಿ ಮಾಡಲು ಅದೇ ಬ್ರ್ಯಾಂಡ್ ಸೇದತೊಡಗಿದರು.

ಸಿಗರೇಟಿನಿಂದ ಈ ಉಪಾಯ ಗಮ್ಮಿಗೆ ದಾಟಿತು. 1928ರಲ್ಲಿ ಫ್ಲೀರ್ ಕಂಪನಿಯ ಲೆಕ್ಕದ ವಿಭಾಗದಲ್ಲಿದ್ದ ವಾಲ್ಟರ್ ಡೀಮರ್, ಗುಳ್ಳೆ ಬರುವ ಗಮ್ ಕಂಡುಹಿಡಿದರು. 1933ರಲ್ಲಿ ಗೌಡಿ ಕಂಪನಿ ಗಮ್ ಜೊತೆ ಬೇಸ್‌ಬಾಲ್ ಆಟಗಾರರ ಕಾರ್ಡು ಕೊಟ್ಟಿತು. ಟಾಪ್ಸ್ ಶುರುವಾದದ್ದು 1938ರಲ್ಲಿ, ಶೋರಿನ್ ಅಣ್ಣತಮ್ಮಂದಿರಿಂದ. 1952ರಲ್ಲಿ ದೊಡ್ಡ ಬೇಸ್‌ಬಾಲ್ ಸೆಟ್ಟು ತಂದರು. 1956ರಲ್ಲಿ ಎದುರಾಳಿ ಬೌಮನ್ ಕಂಪನಿಯನ್ನೇ ಕೊಂಡುಕೊಂಡರು. ಅಷ್ಟು ಹೊತ್ತಿಗೆ ಗಮ್ ನೆಪ, ಕಾರ್ಡೇ ವ್ಯಾಪಾರ ಆಗಿತ್ತು.

ನಮ್ಮಲ್ಲೂ ಇದು ಹೊಸದೇನಲ್ಲ. ಬೆಂಕಿಪೊಟ್ಟಣದ ಚಿತ್ರ, ಸಿಗರೇಟ್ ಪ್ಯಾಕು ಕೂಡಿಸಿ ಬೀದಿಯಲ್ಲಿ ಆಡಿದವರಿಗೆ, ಬಿಗ್ ಫನ್ ಗಮ್ಮಿನ ಕ್ರಿಕೆಟ್ ಚಿತ್ರಗಳನ್ನು ಕೂಡಿಟ್ಟವರಿಗೆ ಆ ಹುಚ್ಚು ಗೊತ್ತು.

ಈ ಐಡಿಯಾ ಯಾರದು?

ಒಬ್ಬರದಲ್ಲ. ಟಾಪ್ಸ್‌ನಲ್ಲಿ ಹೊಸ ಸರಕು ಯೋಚಿಸುವ ಒಂದು ಸಣ್ಣ ವಿಭಾಗ ಇತ್ತು. ಅದರ ಮುಖ್ಯಸ್ಥ ವುಡಿ ಗೆಲ್ಮನ್. ಹಳೇ ಕಾಮಿಕ್ಸು, ಹಳೇ ಕಾರ್ಡುಗಳನ್ನು ಹುಚ್ಚು ಹಿಡಿದವರಂತೆ ಕೂಡಿಡುತ್ತಿದ್ದ ಮನುಷ್ಯ. ಅವರ ಜೊತೆಗೆ ಲೆನ್ ಬ್ರೌನ್ ಇದ್ದರು. 1966ರಲ್ಲಿ ಆರ್ಟ್ ಸ್ಪೀಗಲ್‌ಮನ್ ಎಂಬ 18 ವರ್ಷದ ಹುಡುಗ ರಜೆಯ ಕೆಲಸಕ್ಕೆ ಅಂತ ಬಂದು ಸೇರಿಕೊಂಡ. ಬಂದವನು 20 ವರ್ಷಕ್ಕೂ ಜಾಸ್ತಿ ಅಲ್ಲೇ ಕೆಲಸ ಮಾಡಿದ.

ಹೌದು, ಅದೇ ಸ್ಪೀಗಲ್‌ಮನ್. ನಾಜಿಗಳ ಶಿಬಿರದಿಂದ ಬದುಕಿ ಬಂದ ತನ್ನ ಅಪ್ಪನ ಕಥೆಯನ್ನು ಇಲಿ, ಬೆಕ್ಕುಗಳ ಕಾಮಿಕ್ಸ್ ಮಾಡಿ ಹೇಳಿದವರು, 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ಪಡೆದವರು. ಅಷ್ಟು ಗಂಭೀರ ಕೆಲಸ ಮಾಡುತ್ತಿದ್ದ ಕೈಗೆ ಸಂಬಳ ಬರುತ್ತಿದ್ದದ್ದು ಹೇನಿನ ಅಕ್ಕಿ, ಹಕ್ಕಳೆ ಟೂತ್‌ಪೇಸ್ಟಿನಿಂದ. ನನಗೆ ಈ ವಿಷಯ ತಿಳಿದ ದಿನವೇ ಈ ಸ್ಟಿಕ್ಕರ್‌ಗಳ ಮೇಲೆ ಗೌರವ ಬಂದದ್ದು.

ಇವರೆಲ್ಲರ ಬೆನ್ನ ಹಿಂದೆ ಇದ್ದದ್ದು 1952ರಲ್ಲಿ ಶುರುವಾದ ಮ್ಯಾಡ್ ಪತ್ರಿಕೆ. ಜಾಹೀರಾತುಗಳನ್ನು ಹಾಗೇ ನಕಲು ಮಾಡಿ ಗೇಲಿ ಮಾಡುವುದನ್ನು ಆ ಪತ್ರಿಕೆ ಒಂದು ತಲೆಮಾರಿನ ಮಕ್ಕಳಿಗೆ ಕಲಿಸಿತ್ತು. ಮ್ಯಾಡ್‌ಗೆ ಬರೆಯುತ್ತಿದ್ದ ಸ್ಟಾನ್ ಹಾರ್ಟ್ ಟಾಪ್ಸ್‌ಗೂ ಜೋಕು ಬರೆದುಕೊಟ್ಟರು. ಮುಂದೆ ಜೇ ಲಿಂಚ್, ಬಿಲ್ ಗ್ರಿಫಿತ್, ಕಿಮ್ ಡೈಚ್, ಬಾಬ್ ಸ್ಟೂವರ್ಟ್ ಮೊದಲಾದವರೂ ಕೈ ಹಾಕಿದರು. ಇವರಲ್ಲಿ ಹಲವರು ದೊಡ್ಡವರಿಗೆಂದೇ ಬರುತ್ತಿದ್ದ ಭೂಗತ ಕಾಮಿಕ್ಸ್ ಬರೆಯುತ್ತಿದ್ದವರು. ಮಕ್ಕಳ ಗಮ್ಮಿಗೆ ಇಂಥವರೇ ಬೇಕಿತ್ತು ನೋಡಿ.

ಚಿತ್ರಗಳು ಇಷ್ಟು ನಿಜದ ಹಾಗೆ ಹೇಗೆ ಬಂದವು? ಫೋಟೋ ಅಲ್ವಾ?

ಅಲ್ಲ. ಕೈಯಲ್ಲಿ ಬಿಡಿಸಿದ ಬಣ್ಣದ ಚಿತ್ರ. ಕಂಪ್ಯೂಟರ್ ಇಲ್ಲದ ಕಾಲ. ಈ ಪ್ರಶ್ನೆಗೆ ನಾನು ಸ್ವಲ್ಪ ಉದ್ದಕ್ಕೇ ಉತ್ತರ ಹೇಳುತ್ತೇನೆ, ಯಾಕೆಂದರೆ ಇಡೀ ವ್ಯವಹಾರದ ಗುಟ್ಟು ಇಲ್ಲೇ ಇದೆ.

ಮೊದಲು ಯಾರಾದರೂ ಶಬ್ದದ ಆಟ ಹೊಳೆಯಿಸಿ ಪೆನ್ಸಿಲ್ಲಿನಲ್ಲಿ ಕರಡು ಬರೆಯುತ್ತಿದ್ದರು. 1967ರ ಮೊದಲ ಸೆಟ್ಟಿನಿಂದ 70ರ ದಶಕದವರೆಗೆ ಅದಕ್ಕೆ ಬಣ್ಣ ತುಂಬಿದ್ದು ಹೆಚ್ಚಾಗಿ ನಾರ್ಮನ್ ಸಾಂಡರ್ಸ್. 1907ರಲ್ಲಿ ಹುಟ್ಟಿದವರು. ಯೌವನದಲ್ಲಿ ಅಗ್ಗದ ರೋಚಕ ಕಥೆಗಳ ಪತ್ರಿಕೆಗಳಿಗೆ ಮುಖಪುಟ ಬರೆದು ಹೆಸರು ಮಾಡಿದ್ದರು. ಪಿಸ್ತೂಲು ಹಿಡಿದ ಪತ್ತೇದಾರ, ಕಿರುಚುವ ಹುಡುಗಿ, ಕುದುರೆ ಮೇಲಿನ ಕೌಬಾಯ್. ಟಿವಿ ಬಂದು ಆ ಪತ್ರಿಕೆಗಳು ಮುಚ್ಚಿದವು, ಸಾಂಡರ್ಸ್‌ಗೆ ಕೆಲಸ ಕಡಿಮೆಯಾಯಿತು. 1958ರಲ್ಲಿ ಟಾಪ್ಸ್‌ಗೆ ಬಂದಾಗ ಸಿಕ್ಕಿದ ಕೆಲಸ ಏನು ಗೊತ್ತಾ? ತಂಡ ಬದಲಿಸಿದ ಬೇಸ್‌ಬಾಲ್ ಆಟಗಾರರ ಫೋಟೋದ ಮೇಲೆ ಹೊಸ ತಂಡದ ಸಮವಸ್ತ್ರ ಬಳಿಯುವುದು! ಹೊಸ ಫೋಟೋ ತೆಗೆಸುವ ಖರ್ಚು ಉಳಿಯಲಿ ಅಂತ. 1962ರಲ್ಲಿ ಮಂಗಳ ಗ್ರಹದವರು ಭೂಮಿಗೆ ದಾಳಿ ಇಡುವ 55 ಕಾರ್ಡುಗಳ ಸೆಟ್ಟಿಗೂ ಅವರೇ ಬಣ್ಣ ಹಾಕಿದರು.

ವ್ಯಾಕಿ ಪ್ಯಾಕೇಜಸ್ ಬಂದಾಗ ಅವರಿಗೆ 60. ತಲೆಗೂದಲು ಬಿಟ್ಟ ಹಿಪ್ಪಿ ಹುಡುಗರು ಜೋಕು ಹೊಳೆಯಿಸೋದು, ಈ ಅಜ್ಜ ಅದನ್ನು ಡಬ್ಬದ ಮೇಲೆ ಕೂರಿಸೋದು. ತಗಡಿನ ಹೊಳಪು, ಗಾಜಿನ ಮೇಲಿನ ಬೆಳಕು, ರಟ್ಟಿನ ಮಡಿಕೆ, ಸಣ್ಣ ಅಕ್ಷರ ಎಲ್ಲವೂ ಅಸಲಿನ ಹಾಗೇ ಇರಬೇಕು. ಕಾರ್ಟೂನ್ ಥರ ಸೊಟ್ಟಗೆ ಬರೆದಿದ್ದರೆ ಮಗು ನೋಡಿದ ಕೂಡಲೇ ಇದು ತಮಾಷೆ ಅಂತ ಗೊತ್ತಾಗುತ್ತಿತ್ತು. ಇಲ್ಲಿ ಹಾಗಲ್ಲ. ಮೊದಲ ನೋಟಕ್ಕೆ ನಿಜವಾದ ಡಬ್ಬ, ಎರಡನೇ ನೋಟಕ್ಕೆ ಪೆಟ್ಟು. ಆ ಎರಡು ನೋಟದ ನಡುವಿನ ಅರ್ಧ ಕ್ಷಣವನ್ನು ತಂದುಕೊಟ್ಟವರು ಸಾಂಡರ್ಸ್. 1989ರಲ್ಲಿ ತೀರಿಕೊಂಡರು. ಸ್ಟಿಕ್ಕರ್ ಮೇಲೆ ಎಲ್ಲೂ ಅವರ ಹೆಸರಿಲ್ಲ.

1967ರದು, 1969ರದು, 1973ರದು ಅಂತ ಹೇಳ್ತಾರಲ್ಲ, ಏನು ವ್ಯತ್ಯಾಸ?

1967ರದು ರಟ್ಟಿನ ಕಾರ್ಡು. ಡಬ್ಬದ ಆಕಾರಕ್ಕೆ ಸುತ್ತ ಕತ್ತರಿಸಿರುತ್ತಿತ್ತು, ಒತ್ತಿದರೆ ಬೇರೆ ಬರುತ್ತಿತ್ತು. ಹಿಂದೆ ಒಣ ಅಂಟು. ಅಂಚೆಚೀಟಿ ಥರ ನೆಕ್ಕಿ ಅಂಟಿಸಬೇಕು. ಸೆಟ್ಟಿಗೆ 44. 1969ರದು 'ವ್ಯಾಕಿ ಆ್ಯಡ್ಸ್', ಡಬ್ಬದ ಬದಲು ಜಾಹೀರಾತು ಫಲಕದ ರೂಪದಲ್ಲಿ, ಒಟ್ಟು 36.

ಹುಚ್ಚು ಹಿಡಿಸಿದ್ದು 1973ರದು. ಈ ಸಲ ಹಿಂದಿನ ಕಾಗದ ಸುಲಿದು ಅಂಟಿಸುವ ಸ್ಟಿಕ್ಕರ್. ನೆಕ್ಕೋದು ಬೇಡ, ನೀರು ಬೇಡ. ಮೊದಲ ಸರಣಿಯಲ್ಲಿ 30 ಸ್ಟಿಕ್ಕರ್. ಒಂದು ಪ್ಯಾಕಿಗೆ 5 ಸೆಂಟು. ಒಳಗೆ ಒಂದೆರಡು ಸ್ಟಿಕ್ಕರ್, ಸಕ್ಕರೆಪುಡಿ ಉದುರಿಸಿದ ಗಮ್ ಪಟ್ಟಿ, ಜೊತೆಗೆ ಒಂದು ಕಾರ್ಡು. ಕಾರ್ಡಿನ ಒಂದು ಬದಿ ಸರಣಿಯ ಪಟ್ಟಿ, ಇನ್ನೊಂದು ಬದಿ ದೊಡ್ಡ ಚಿತ್ರದ ಒಂದು ತುಂಡು. 9 ತುಂಡು ಸೇರಿಸಿದರೆ ಚಿತ್ರ ಪೂರ್ತಿ. 8 ಸಿಕ್ಕಿ 9ನೆಯದು ಸಿಗದಿದ್ದರೆ ಮತ್ತೆ ಅಂಗಡಿಗೆ ಓಡಬೇಕು. ಎಂಥ ಕಿಲಾಡಿಗಳು!

1973ರಿಂದ 1977ರೊಳಗೆ ಹೀಗೆ 16 ಸರಣಿ ಬಂದವು. ಕೊನೆಯವು ಕಡಿಮೆ ಮಾರಾಟವಾದವು, ಹಾಗಾಗಿ 16ನೆಯದು ಈಗ ಸಿಗೋದು ಕಷ್ಟ.

ನಿಜವಾಗಿ ಅಷ್ಟು ಓಡಿತಾ?

ಮೊದಲ ಎರಡು ವರ್ಷ ಟಾಪ್ಸ್‌ನ ಬೇಸ್‌ಬಾಲ್ ಕಾರ್ಡುಗಳಿಗಿಂತ ಜಾಸ್ತಿ ಮಾರಾಟವಾಯಿತು. ಅಮೆರಿಕದಲ್ಲಿ ಬೇಸ್‌ಬಾಲನ್ನು ಹಿಂದೆ ಹಾಕೋದು ಅಂದರೆ ಇಲ್ಲಿ ಕ್ರಿಕೆಟ್ಟನ್ನು ಹಿಂದೆ ಹಾಕಿದ ಹಾಗೆ. 'ನ್ಯೂಯಾರ್ಕ್' ಎಂಬ ಪತ್ರಿಕೆ 1973ರ ಅಕ್ಟೋಬರ್ 1ರ ಸಂಚಿಕೆಯಲ್ಲಿ ಇದರ ಬಗ್ಗೆ ಮುಖಪುಟದ ಲೇಖನ ಮಾಡಿತು.

ಯಾಕೆ ಆಗಲೇ ಓಡಿತು ಅನ್ನೋದಕ್ಕೆ ನನ್ನ ಲೆಕ್ಕ ಹೀಗಿದೆ. ಆ ಮಕ್ಕಳು ಟಿವಿ ಮುಂದೆ ಬೆಳೆದವರು. ಅಕ್ಷರ ಕಲಿಯುವ ಮೊದಲೇ ಜಾಹೀರಾತಿನ ಹಾಡು ಬಾಯಿಪಾಠ. ಸಿಗರೇಟು ಕೆಟ್ಟದ್ದು ಅಂತ 1971ರಿಂದ ಟಿವಿ, ರೇಡಿಯೋ ಜಾಹೀರಾತು ನಿಲ್ಲಿಸಿದ್ದರು. ಹಾಗಾದರೆ ಅಲ್ಲಿಯವರೆಗೆ ಹೇಳಿದ್ದು? ಮನೆಯಲ್ಲಿ ವಿಯೆಟ್ನಾಂ ಯುದ್ಧ, ಅಧ್ಯಕ್ಷ ನಿಕ್ಸನ್ನರ ವಾಟರ್‌ಗೇಟ್ ಹಗರಣದ ಮಾತು. ದೊಡ್ಡವರು ಸುಳ್ಳು ಹೇಳ್ತಾರೆ ಅನ್ನೋದು ಮಕ್ಕಳಿಗೂ ಗೊತ್ತಾಗಿತ್ತು. ಅಂಥ ಹೊತ್ತಲ್ಲಿ 5 ಸೆಂಟಿಗೆ ಒಂದು ಸ್ಟಿಕ್ಕರ್ ಸಿಕ್ಕಿ, 'ಈ ಡಬ್ಬದಲ್ಲಿ ಕಸ ಇದೆ' ಅಂತ ಹೇಳಿದರೆ ಖುಷಿ ಆಗದೆ ಇರುತ್ತಾ?

ಇನ್ನೊಂದು ಸರಳ ಕಾರಣವೂ ಇದೆ. ಅಂಟಿಸಬಹುದಿತ್ತು. ಬೇಸ್‌ಬಾಲ್ ಕಾರ್ಡು ಜೇಬಲ್ಲಿ ಇರುತ್ತದೆ. ಸ್ಟಿಕ್ಕರ್ ಶಾಲೆಯ ಡೆಸ್ಕಿನ ಮೇಲೆ, ಪುಸ್ತಕದ ರಟ್ಟಿನ ಮೇಲೆ, ಮಂಚದ ತಲೆಕಡೆ, ತಮ್ಮನ ಬೆನ್ನ ಮೇಲೆ ಹೋಗುತ್ತದೆ. ಮೇಷ್ಟ್ರು ಬೈದಷ್ಟೂ ಬೇಡಿಕೆ ಏರುತ್ತದೆ.

ಕಂಪನಿಗಳಿಗೆ ಸಿಟ್ಟು ಬರಲಿಲ್ವಾ?

ಕೆಲವರಿಗೆ ಬಂತು. ವಕೀಲರ ಪತ್ರ ಬಂದ ಕೂಡಲೇ ಟಾಪ್ಸ್ ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಆ ಚಿತ್ರ ತೆಗೆದು ಬೇರೆಯದನ್ನು ಹಾಕುತ್ತಿತ್ತು. 1967ರ ಸೆಟ್ಟಿನಲ್ಲಿ ರಿಟ್ಜ್ ಬಿಸ್ಕತ್ತಿನ ಅಣಕ 'ರ‍್ಯಾಟ್ಜ್', ಪ್ರಾಣಿ ಆಕಾರದ ಬಿಸ್ಕತ್ತಿನ ಅಣಕ 'ಕ್ರ್ಯಾಕ್ಡ್ ಅನಿಮಲ್ಸ್' ಹೀಗೆ ಬೇಗ ಮಾಯವಾದವು. ಸ್ವಲ್ಪವೇ ಹೊರಗೆ ಬಂದಿದ್ದರಿಂದ ಆ ಸೆಟ್ಟಿನಲ್ಲಿ ಈಗ ಅವೇ ತುಂಬಾ ಅಪರೂಪ, ಅವಕ್ಕೇ ಬೆಲೆ ಜಾಸ್ತಿ. ಚಿತ್ರ ಅಳಿಸಿ ಹಾಕಬೇಕು ಅಂತ ಪತ್ರ ಬರೆದ ವಕೀಲರೇ ಅದಕ್ಕೆ ಬೆಲೆ ಕಟ್ಟಿಕೊಟ್ಟ ಹಾಗಾಯಿತು.

ಹೆಚ್ಚಿನ ಕಂಪನಿಗಳು ಸುಮ್ನೆ ಇದ್ದವು. ಮಕ್ಕಳ ಗಮ್ ಸ್ಟಿಕ್ಕರ್ ಮೇಲೆ ಕೇಸು ಹಾಕಿದರೆ ನಗೆಪಾಟಲಾಗುವುದು ತಾವೇ ಅಂತ ಅವಕ್ಕೂ ಗೊತ್ತಿತ್ತೇನೋ.

ಹಾಗಾದರೆ ಅಣಕ ಮಾಡೋದು ಕಾನೂನಿಗೆ ಸರಿನಾ?

ನಾನು ವಕೀಲನಲ್ಲ, ಓದಿದ್ದನ್ನು ಹೇಳ್ತೀನಿ. ಅಮೆರಿಕದಲ್ಲಿ ಅಣಕಕ್ಕೆ ಒಂದಷ್ಟು ರಕ್ಷಣೆ ಇದೆ. 1994ರಲ್ಲಿ ಒಂದು ಅಣಕು ಹಾಡಿನ ಕೇಸಿನಲ್ಲಿ, ದುಡ್ಡಿಗಾಗಿ ಮಾಡಿದ ಅಣಕವೂ ನ್ಯಾಯಯುತ ಬಳಕೆ ಆಗಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅದು ಕೃತಿಸ್ವಾಮ್ಯದ ವಿಷಯ. ಟ್ರೇಡ್‌ಮಾರ್ಕ್ ಬೇರೆ. 2023ರಲ್ಲಿ ಜ್ಯಾಕ್ ಡೇನಿಯಲ್ಸ್ ವಿಸ್ಕಿ ಬಾಟಲಿಯ ಹಾಗೆ ಕಾಣುವ 'ಬ್ಯಾಡ್ ಸ್ಪ್ಯಾನಿಯಲ್ಸ್' ಎಂಬ ನಾಯಿ ಆಟಿಕೆಯ ಕೇಸು ಬಂತು. ಅಣಕವನ್ನೇ ನಿಮ್ಮ ಸರಕಿನ ಬ್ರ್ಯಾಂಡ್ ಮಾಡಿಕೊಂಡರೆ ವಾಕ್ ಸ್ವಾತಂತ್ರ್ಯದ ವಿಶೇಷ ರಿಯಾಯಿತಿ ಸಿಗಲ್ಲ ಅಂತ ನ್ಯಾಯಮೂರ್ತಿಗಳೆಲ್ಲ ಒಂದೇ ದನಿಯಲ್ಲಿ ಹೇಳಿದರು. ಗೆದ್ದದ್ದು ವಿಸ್ಕಿ.

ಭಾರತದಲ್ಲೂ ಒಂದು ಒಳ್ಳೇ ಉದಾಹರಣೆ ಇದೆ. ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ತೊಂದರೆ ಅಂತ ಗ್ರೀನ್‌ಪೀಸ್ ಒಂದು ಕಂಪ್ಯೂಟರ್ ಆಟ ಮಾಡಿತ್ತು. ಅದರಲ್ಲಿ ಆಮೆಯನ್ನು ಟಾಟಾ ಗುರುತು ಅಟ್ಟಿಸಿಕೊಂಡು ಬರುತ್ತದೆ. ಟಾಟಾ ಕೋರ್ಟಿಗೆ ಹೋಯಿತು. ಆಟಕ್ಕೆ ತಡೆ ಕೊಡಲು 2011ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ.

ನಮ್ಮ ಸಂತೆಯಲ್ಲಿ ಸಿಗುವ ಒಂದಕ್ಷರ ಬದಲಿಸಿದ ಬಿಸ್ಕತ್ತು, ಸೋಪು ಕೂಡ ಇದೇ ಜಾತಿಯಾ?

ಅಲ್ಲ. ಅದರಲ್ಲೂ ಅಕ್ಷರ ಬದಲಿಸ್ತಾರೆ, ನಿಜ. ಆದರೆ ಅಲ್ಲಿ ನೀವು ಗಮನಿಸಬಾರದು ಅಂತ ಬದಲಿಸೋದು. ಇಲ್ಲಿ ಗಮನಿಸಲೇಬೇಕು ಅಂತ.

ಗಾರ್ಬೇಜ್ ಪೇಲ್ ಕಿಡ್ಸ್ ಎಂಬ ಸ್ಟಿಕ್ಕರ್‌ಗಳಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ, ತಾಯಿ ಮಗುವಿನ ಸಂಬಂಧ. 1983ರಲ್ಲಿ ಅಮೆರಿಕದಲ್ಲಿ ಕ್ಯಾಬೇಜ್ ಪ್ಯಾಚ್ ಕಿಡ್ಸ್ ಎಂಬ ಬೊಂಬೆಗೆ ಜನ ಅಂಗಡಿಗಳಲ್ಲಿ ಹೊಡೆದಾಡಿಕೊಂಡರು. ಎಲೆಕೋಸಿನ ತೋಟದಲ್ಲಿ ಹುಟ್ಟಿದ ಗುಂಡುಮುಖದ ಮುದ್ದು ಮಕ್ಕಳು. 1985ರ ಹೊಸ ವ್ಯಾಕಿ ಪ್ಯಾಕೇಜಸ್ ಸೆಟ್ಟಿಗೆ ಅಂತ ಆ ಬೊಂಬೆಯ ಅಣಕವಾಗಿ ಒಂದೇ ಒಂದು ಚಿತ್ರ ತಯಾರಾಗಿತ್ತು, ಗಾರ್ಬೇಜ್ ಪೇಲ್ ಕಿಡ್ಸ್, ಅಂದರೆ ಕಸದ ಡಬ್ಬಿ ಮಕ್ಕಳು ಅಂತ. ನೋಡಿದವರಿಗೆ ಇದು ಒಂದು ಸ್ಟಿಕ್ಕರ್‌ಗೆ ಮುಗಿಯುವ ಜೋಕಲ್ಲ ಅನಿಸಿತು. ಅದನ್ನು ಆ ಸೆಟ್ಟಿನಿಂದ ತೆಗೆದು ಬೇರೆಯೇ ಸರಣಿ ಮಾಡಿದರು. ಸ್ಪೀಗಲ್‌ಮನ್ ಮತ್ತು ಮಾರ್ಕ್ ನ್ಯೂಗಾರ್ಡನ್ ಮೇಲ್ವಿಚಾರಣೆ, ಮೊದಲ ಸರಣಿಗೆ ಬಣ್ಣ ಜಾನ್ ಪೌಂಡ್ ಅವರದು.

ಮೊದಲ ಸರಣಿಗೆ 41 ಚಿತ್ರ. ಪ್ರತಿ ಚಿತ್ರಕ್ಕೂ ಎರಡು ಹೆಸರು, 'ಎ' ಒಂದು, 'ಬಿ' ಒಂದು. ತಲೆ ಮೇಲೆ ಅಣುಬಾಂಬ್ ಸ್ಫೋಟವಾಗುತ್ತಿರುವ ಹುಡುಗ ಒಂದು ಕಾರ್ಡಲ್ಲಿ 'ಆ್ಯಡಮ್ ಬಾಂಬ್', ಇನ್ನೊಂದರಲ್ಲಿ 'ಬ್ಲಾಸ್ಟೆಡ್ ಬಿಲ್ಲಿ'. ಒಂದೇ ಚಿತ್ರವನ್ನು ಎರಡು ಸಲ ಕೊಳ್ಳಬೇಕು. ಮೂಗಿನ ಸಿಂಬಳ, ವಾಂತಿ, ಕಿತ್ತುಹೋದ ಕೈಕಾಲು, ಏನೂ ಬಾಕಿ ಇಲ್ಲ. ಶಾಲೆಗಳು ನಿಷೇಧ ಹಾಕಿದವು. ಮಕ್ಕಳು ಇನ್ನಷ್ಟು ಕೊಂಡರು.

ಈ ಸಲ ಮಾತ್ರ ಎದುರು ಪಾರ್ಟಿ ಸುಮ್ಮನಿರಲಿಲ್ಲ. ಬೊಂಬೆಯ ಹಕ್ಕು ಇದ್ದ ಒರಿಜಿನಲ್ ಆಪಲಾಚಿಯನ್ ಆರ್ಟ್‌ವರ್ಕ್ಸ್ ಕೇಸು ಹಾಕಿತು. 1986ರಲ್ಲಿ ಜಾರ್ಜಿಯಾದ ಕೋರ್ಟ್ ಟಾಪ್ಸ್ ವಿರುದ್ಧ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಆಮೇಲೆ ರಾಜಿಯಾಯಿತು. ಮಕ್ಕಳ ರೂಪ, ಹೆಸರಿನ ಪಟ್ಟಿಯ ವಿನ್ಯಾಸ ಬದಲಿಸಲು ಟಾಪ್ಸ್ ಒಪ್ಪಿತು. ನನಗೆ ವೈಯಕ್ತಿಕವಾಗಿ ಇವು ಅಷ್ಟು ಇಷ್ಟ ಇಲ್ಲ. ವ್ಯಾಕಿಯಲ್ಲಿ ಎರಡನೇ ಸಲ ನೋಡಬೇಕು. ಇಲ್ಲಿ ಮೊದಲ ನೋಟಕ್ಕೇ ಎಲ್ಲ ಬಾಯಿಗೆ ಬರುತ್ತದೆ.

ಬೇರೆ ಕಂಪನಿಗಳು ಇದನ್ನೇ ನಕಲು ಮಾಡಲಿಲ್ವಾ?

ಮಾಡಿದವು. ಫ್ಲೀರ್ ಕಂಪನಿ, ಪತ್ರಿಕೆಗಳ ಮುಖಪುಟಗಳನ್ನು ಅಣಕಿಸುವ ಸ್ಟಿಕ್ಕರ್ ತಂದಿತು. ಅಣಕಕ್ಕೆ ಅಣಕ. ಪರವಾಗಿಲ್ಲ, ಅಷ್ಟೇ.

ಕಲಾವಿದರಿಗೆ ಏನು ಸಿಕ್ಕಿತು?

ಕೂಲಿ. ಲಾಭದಲ್ಲಿ ಪಾಲಿಲ್ಲ, ಚಿತ್ರದ ಮೇಲೆ ಹಕ್ಕಿಲ್ಲ, ಮೂಲಚಿತ್ರ ವಾಪಸ್ಸಿಲ್ಲ. ಸ್ಪೀಗಲ್‌ಮನ್ ವರ್ಷಗಟ್ಟಲೆ ಪಾಲು ಕೇಳಿದರು, ಕಂಪನಿ ಒಪ್ಪಲಿಲ್ಲ. 1989ರಲ್ಲಿ ಟಾಪ್ಸ್ ತನ್ನ ಗೋದಾಮಿನಲ್ಲಿದ್ದ ಮೂಲಚಿತ್ರಗಳನ್ನು ನ್ಯೂಯಾರ್ಕಿನ ಗರ್ನ್ಸೀಸ್ ಎಂಬ ಹರಾಜು ಸಂಸ್ಥೆಯ ಮೂಲಕ ಹರಾಜಿಗೆ ಇಟ್ಟಿತು. ದುಡ್ಡೂ ಟಾಪ್ಸ್‌ಗೇ ಹೋಯಿತು. ಸ್ಪೀಗಲ್‌ಮನ್ ಕಂಪನಿಯ ನಂಟು ಕಡಿದುಕೊಂಡರು. ದೊಡ್ಡ ಕಂಪನಿಗಳ ಬಣ್ಣ ಬಯಲು ಮಾಡಿದ ಚಿತ್ರಗಳ ಕಥೆ ಹೀಗಾಯಿತು ನೋಡಿ.

1977ರ ನಂತರ ನಿಂತೇ ಹೋಯಿತಾ?

ಇಲ್ಲ. 1979, 1980ರಲ್ಲಿ ಹಳೇ ಚಿತ್ರಗಳನ್ನೇ ಮತ್ತೆ ಅಚ್ಚು ಹಾಕಿದರು. 1985ರಲ್ಲಿ, 1991ರಲ್ಲಿ ಹೊಸ ಸೆಟ್ಟು ಬಂತು. 2004ರಿಂದ ಮತ್ತೆ ಪೂರ್ತಿ ಹೊಸ ಸರಣಿಗಳು ಶುರುವಾದವು. ಹಳೇ ಕಾಲದಲ್ಲಿ ಕೊಂಡ ಮಕ್ಕಳಿಗೆ ಆಗ 40 ದಾಟಿತ್ತು, ಕೈಯಲ್ಲಿ ದುಡ್ಡಿತ್ತು. ಕಂಪನಿಯೂ ಕೈ ಬದಲಿಸುತ್ತ ಬಂತು. 2007ರಲ್ಲಿ ಡಿಸ್ನಿಯ ಮಾಜಿ ಮುಖ್ಯಸ್ಥ ಮೈಕೆಲ್ ಐಸ್ನರ್ ಮತ್ತು ಪಾಲುದಾರರು ಕೊಂಡರು. 2022ರಲ್ಲಿ ಕಾರ್ಡು ವ್ಯವಹಾರ ಫ್ಯಾನಾಟಿಕ್ಸ್ ಎಂಬ ಕಂಪನಿಯ ಪಾಲಾಯಿತು.

ಅಸಲಿ ಯಾವುದು, ಮರುಮುದ್ರಣ ಯಾವುದು ಅಂತ ಗೊತ್ತಾಗೋದು ಹೇಗೆ?

ಇದರಲ್ಲಿ ನಾನೇ ಏಟು ತಿಂದಿದ್ದೇನೆ. ಮೊದಲ ಸಲ ಕೊಂಡಾಗ ಮಾರಿದವರು 1973ರದು ಅಂದರು, ನಾನು ನಂಬಿ ದುಡ್ಡು ಕೊಟ್ಟೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಮೂಲೆಯಲ್ಲಿ ಸಣ್ಣಗೆ ಒಂದು ನಂಬರ್. 1973ರಿಂದ 77ರವರೆಗಿನ ಸ್ಟಿಕ್ಕರ್‌ಗಳ ಮೇಲೆ ನಂಬರ್ ಇರಲ್ಲ. 1979ರ ಮರುಮುದ್ರಣಕ್ಕೆ ಇರುತ್ತದೆ. ಈಗಲೂ ಆ ಸ್ಟಿಕ್ಕರ್ ಫೈಲಿನ ಮೊದಲ ಪುಟದಲ್ಲಿ ಇಟ್ಟಿದ್ದೇನೆ. ಅದೂ ಒಂಥರಾ ಅಣಕವೇ ಅಲ್ವಾ, ನನ್ನ ಮೇಲೆ.

ಮಾರುವವರು ಬರೀ ಮುಂದಿನ ಫೋಟೋ ಕಳಿಸಿದರೆ ಹಿಂದಿನದನ್ನೂ ಕೇಳಿ.

ಟ್ಯಾನ್ ಬ್ಯಾಕ್, ವೈಟ್ ಬ್ಯಾಕ್, ಲುಡ್ಲೋ ಅಂತಾರಲ್ಲ, ಏನದು?

ಸ್ಟಿಕ್ಕರ್ ಹಿಂದಿನ ಕಾಗದದ ಬಣ್ಣ. ಸಾಮಾನ್ಯವಾಗಿ ಸಿಗೋದು ಮಾಸಲು ಕಂದು, ಅದು ಟ್ಯಾನ್. ಮೊದಲ ಕೆಲವು ಸರಣಿಗಳಲ್ಲಿ ಬಿಳಿ ಕಾಗದದ್ದೂ ಇದೆ, ಅದು ಕಡಿಮೆ. ಇನ್ನು ಕೆಲವದರ ಹಿಂದೆ ಕಾಗದ ತಯಾರಿಸಿದ ಲುಡ್ಲೋ ಕಂಪನಿಯ ಹೆಸರೇ ಅಚ್ಚಾಗಿರುತ್ತದೆ. ಅದು ಇನ್ನೂ ಅಪರೂಪ. ಮುಂದಿನ ಚಿತ್ರ ಒಂದೇ. ಹಿಂದೆ ಸುಲಿದು ಬಿಸಾಡುವ ಕಾಗದಕ್ಕೆ ಈಗ ಹತ್ತು ಪಟ್ಟು ಚೌಕಾಸಿ. ಕೂಡಿಡುವವರ ತಲೆ ಹೀಗೇ ಓಡೋದು, ಕ್ಷಮಿಸಿ.

ಬೆಲೆ ಎಷ್ಟಾಗುತ್ತೆ?

ನಂಬರ್ ಹೇಳಲ್ಲ, ಇವತ್ತು ಹೇಳಿದ್ದು ನಾಳೆಗೆ ಸುಳ್ಳಾಗುತ್ತದೆ. ಆದರೆ ಬೆಲೆ ಏರಿಸುವ ಸಂಗತಿಗಳು ಗೊತ್ತಿರಲಿ. ಸುಲಿಯದೆ ಇರಬೇಕು. ಮೂಲೆ ಮೊಂಡಾಗಿರಬಾರದು. ಚಿತ್ರ ನಡುವೆ ಕೂತಿರಬೇಕು, ಆ ಕಾಲದಲ್ಲಿ ಕಟಿಂಗ್ ಯಂತ್ರ ಸೊಟ್ಟಗೆ ಕತ್ತರಿಸುತ್ತಿದ್ದದ್ದೇ ಜಾಸ್ತಿ. ಗಮ್ಮಿನ ಕಲೆ ಇರಬಾರದು. ಒಡೆಯದ ಪ್ಯಾಕು ಸಿಕ್ಕರೆ ಅದರ ಮಾತೇ ಬೇರೆ. ಆದರೆ ಮೇಣದ ಕಾಗದವನ್ನು ಬಿಸಿ ಮಾಡಿ ಮತ್ತೆ ಮುಚ್ಚುವ ಚಾಲಾಕಿಗಳು ಇದ್ದಾರೆ, ಹುಷಾರು.

ನಮ್ಮ ಹವೆಯಲ್ಲಿ ಇವನ್ನು ಕಾಪಾಡೋದು ಹೇಗೆ?

ಮೈಸೂರು, ಬೆಂಗಳೂರಿನವರಿಗೆ ಅಷ್ಟು ಕಷ್ಟ ಇಲ್ಲ. ಮಂಗಳೂರು, ಉಡುಪಿ, ಮಲೆನಾಡಿನವರು ಮಳೆಗಾಲದ ನಾಲ್ಕು ತಿಂಗಳು ಎಚ್ಚರ ಇರಬೇಕು. ಅಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಇನ್ನು ಕಾಗದದ ಪಾಡೇನು.

ಪಿವಿಸಿ ಕವರ್ ಬೇಡ. ಫೈಲಿನಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಘಾಟು ವಾಸನೆ ಬರುವ ಮೆತ್ತಗಿನ ಪ್ಲಾಸ್ಟಿಕ್ ಅದು. ಕಾಲಕ್ರಮೇಣ ಚಿತ್ರಕ್ಕೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಮೈಲಾರ್ ಕವರ್ ತಗೊಳ್ಳಿ. ಒಂದು ಕವರ್‌ಗೆ ಒಂದೇ ಸ್ಟಿಕ್ಕರ್. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟಿ ಹಾಕಿಡಿ, ಆಗಾಗ ಅದನ್ನು ಬದಲಿಸಿ. ಗೋಡೆಗೆ ಫ್ರೇಮ್ ಹಾಕುವ ಆಸೆ ಇದ್ದರೆ ಬಿಸಿಲು ಬೀಳದ ಗೋಡೆ. ಬಿಸಿಲಿಗೆ ಮೊದಲು ಹೋಗೋದು ಕೆಂಪು ಬಣ್ಣ, ಕೆಂಪಿಲ್ಲದ ಜಾಹೀರಾತು ಯಾವುದಿದೆ ಹೇಳಿ.

ಹಳೇ ಸ್ಟಿಕ್ಕರ್‌ನ ಅಂಟು ಕಾಗದದ ಒಳಗೇ ಇಳಿದು ಮುಂಭಾಗದಲ್ಲಿ ಎಣ್ಣೆ ಕಲೆಯ ಹಾಗೆ ಕಾಣಿಸಿಕೊಂಡರೆ ಅದಕ್ಕೆ ಮದ್ದಿಲ್ಲ. ಒರೆಸಲು ಹೋಗಬೇಡಿ.

ಹಳೇ ಪ್ಯಾಕಿನ ಗಮ್ ತಿನ್ನಬಹುದಾ?

ಬೇಡ. 50 ವರ್ಷದ ಹಂಚಿನ ಚೂರಿನ ಹಾಗಿರುತ್ತದೆ. ಹಲ್ಲು ಹೋಗುತ್ತದೆ.

ಅಮೆರಿಕದಲ್ಲಿ ನಾವು ಹೊಸದಾಗಿ ಕೊಂಡ ಹಳೇ ಮನೆಯ ಬೀರು ಬಾಗಿಲಿನ ಒಳಗೆ ಇಂಥ ನಾಲ್ಕೈದು ಸ್ಟಿಕ್ಕರ್ ಅಂಟಿವೆ. ಕಿತ್ತು ತೆಗೆಯಬಹುದಾ?

ಈ ಪ್ರಶ್ನೆ ನಿಜವಾಗಿಯೂ ಬರುತ್ತದೆ. ಆ ಕಾಲದ ಯಾವುದೋ ಮಗು ಅಂಟಿಸಿ, ಬೈಸಿಕೊಂಡು, ದೊಡ್ಡದಾಗಿ, ಮನೆ ಬಿಟ್ಟು ಹೋಗಿರುತ್ತದೆ. ಹೇರ್ ಡ್ರೈಯರ್ ಹಿಡಿದು ಕಿತ್ತರೆ ಮೇಲಿನ ಪದರ ಮಾತ್ರ ಕೈಗೆ ಬಂದು, ಅರ್ಧ ಚಿತ್ರ ಬಾಗಿಲಲ್ಲೇ ಉಳಿಯುತ್ತದೆ. ಹಾಗೆ ಕಿತ್ತದ್ದಕ್ಕೆ ಬೆಲೆಯೂ ಇಲ್ಲ. ಬಾಗಿಲಿಗೆ ಬಣ್ಣ ಹೊಡೆಸುವಾಗ ಆ ಜಾಗ ಬಿಟ್ಟು ಹೊಡೀರಿ ಅಂತ ಪೇಂಟರ್‌ಗೆ ಹೇಳಿ. ಬೀರೇ ಬೇಡವಾದರೆ ಬಾಗಿಲನ್ನು ಬಿಚ್ಚಿ ಇಟ್ಟುಕೊಂಡು ನನಗೆ ಒಂದು ಮಾತು ತಿಳಿಸಿ.